ಐದು ಸೆಕೆಂಡುಗಳ ಮೌನ

ಜಾಜ್ ಎಂಬುದು ಬರಿಯ ಗದ್ದಲವೆಂದು ಮಗನನ್ನು ಎಷ್ಟೋ ಬಾರಿ ಗದರಿಸಿದ್ದೆನು. ಕಳೆದ ತಿಂಗಳು ಅವನು ‘ಕಂಪ್ಯಾಶನ್’ ಎಂಬ ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದನು. ಮ್ಯೂನಿಕ್ ನಗರದಲ್ಲಿ ಮಾನ್‌ಫ್ರೆಡ್ ಐಶರ್ ಎಂಬವರು 1969ರಲ್ಲಿ ಸ್ಥಾಪಿಸಿದ ಇ.ಸಿ.ಎಂ. ಎಂಬ ಸ್ವತಂತ್ರ ಸಂಸ್ಥೆಯು 2024ರಲ್ಲಿ ಅದನ್ನು ಹೊರತಂದಿತು. ಆ ಸಂಸ್ಥೆಯ ಮುದ್ರಿಕೆಗಳು ಐದು ಸೆಕೆಂಡುಗಳ ಮೌನದಿಂದ ಆರಂಭವಾಗುವುದುಂಟು. ಯಂತ್ರವು ಕೆಟ್ಟಿತೆಂದು ನಾನು ಏಳಹೋದೆನು; ಮಗನು ಕೈಹಿಡಿದು ಕೂರಿಸಿದನು. ಬಳಿಕ ವಿಜಯ್ ಅಯ್ಯರ್ ಅವರ ಪಿಯಾನೋ, ಲಿಂಡಾ ಮೇ ಹಾನ್ ಓ ಅವರ ಡಬಲ್ ಬೇಸ್, ಟೈಶಾನ್ ಸೋರಿ ಅವರ ಡ್ರಮ್. ಮೂವರೇ. ಒಬ್ಬರು ನುಡಿಸುವಾಗ ಉಳಿದಿಬ್ಬರು ಬರಿದೆ ಹಿಂಬಾಲಿಸರು. ನಡುವೆ ಬಾಯಿಹಾಕುವರು, ಆದರೂ ಒಬ್ಬರ ಮಾತನ್ನೊಬ್ಬರು ಕಡಿಯರು. (ಪಾಠಶಾಲೆಯ ವಾಕ್ಯಾರ್ಥಗೋಷ್ಠಿಗಳಲ್ಲಿ ನಾವು ಇಷ್ಟು ಸಭ್ಯರಾಗಿರಲಿಲ್ಲ.) ಮುಗಿದಾಗ ಮಗನು ಏನನ್ನೂ ಕೇಳಲಿಲ್ಲ. ನಾನೇ, “ಇನ್ನೊಮ್ಮೆ ಹಾಕಪ್ಪ” ಎಂದೆನು.