ಹೆಬ್ಬಟ್ಟಿನ ಗುರುತು

ಗೋಕಾಕದವರ ಮನೆಗೆ ದೂರದಿಂದ ಫೋನು ಬಂದರೆ ಅದು ಸಾಮಾನ್ಯವಾಗಿ ಕರದಂಟಿನ ಸಲುವಾಗಿ. ಯೋಗಕ್ಷೇಮದ ಎರಡು ಮಾತು ಮುಗಿಯುತ್ತಲೇ "ಬರೋವಾಗ ಎರಡು ಕೆ.ಜಿ. ತರ್ರಿ" ಎಂಬುದು ಬಂದೇ ಬರುತ್ತದೆ. ಹೀಗಾಗಿ, ಜಿಲ್ಲೆಯ ಒಂದು ಕಾಲೇಜಿನ ಡಾಕ್ಟರೊಬ್ಬರು ಫೋನು ಮಾಡಿ, "ಅಕ್ಕೋರ, ನೀವು ನಮ್ಮ ಎಥಿಕ್ಸ್ ಕಮಿಟಿಗೆ ಬರಬೇಕ್ರಿ" ಎಂದಾಗ ನಾನು ತಬ್ಬಿಬ್ಬಾದೆ.

"ನಾ ಸಾಲ್ಯಾಗ ಕನ್ನಡ ಕಲಿಸಿದಾಕಿ. ಡಾಕ್ಟರ ನಡುವ ನಂದೇನ್ರಿ ಕೆಲಸ?"

"ಅದಕ್ಕ ಕರ್ಯಾಕತ್ತೇನ್ರಿ. ವೈದ್ಯಕೀಯ ಓದದವರು ಒಬ್ಬರು ಇರಲೇಬೇಕಂತ ನಿಯಮ ಐತಿ."

ಗೊತ್ತಿಲ್ಲದಿರುವುದೇ ಅರ್ಹತೆಯಾದ ಕೆಲಸ ಬಾಳಿನಲ್ಲಿ ಮೊದಲ ಸಲ ಸಿಕ್ಕಿತ್ತು. ಒಪ್ಪಿಕೊಂಡೆ.

ಮನುಷ್ಯರ ಮೇಲೆ ಔಷಧವನ್ನೋ ಚಿಕಿತ್ಸೆಯನ್ನೋ ಪರೀಕ್ಷಿಸುವ ಮುನ್ನ ಇಂಥ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಜನ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಕಾಯಿದೆ ಬಲ್ಲವರೊಬ್ಬರು, ಸಮಾಜವನ್ನು ಬಲ್ಲವರೊಬ್ಬರು, ನನ್ನಂಥ ಸಾಮಾನ್ಯರೊಬ್ಬರು ಇರಬೇಕು. ಸಂಶೋಧನೆ ಮುಗಿದು ಲೇಖನ ಅಚ್ಚಿಗೆ ಹೋದಾಗ ಪತ್ರಿಕೆಯವರೂ ಕೇಳುತ್ತಾರೆ: ಯಾವ ಸಮಿತಿ ಒಪ್ಪಿತು? ಒಳಪಟ್ಟವರು ತಿಳಿದು ಒಪ್ಪಿದ್ದರೇ?

ಮೊದಲ ಸಭೆಗೆ ಮುನ್ನ ಕಾಗದದ ಒಂದು ಕಟ್ಟು ಬಂತು. ರಕ್ತ ಕಡಿಮೆಯಿರುವ ಬಾಣಂತಿಯರಲ್ಲಿ ಕೆಲವರಿಗೆ ಕಬ್ಬಿಣಾಂಶದ ಗುಳಿಗೆ, ಕೆಲವರಿಗೆ ಅದನ್ನೇ ನರದ ಮೂಲಕ ಕೊಟ್ಟು ನೋಡುವ ಅಧ್ಯಯನ. ಇಂಗ್ಲಿಷಿನ ಪುಟಗಳನ್ನು ಶಬ್ದಕೋಶ ಹಿಡಿದು ಹೇಗೋ ದಾಟಿದೆ. ಕನ್ನಡದ ನಾಲ್ಕು ಪುಟ ದಾಟಲಾಗಲಿಲ್ಲ. ಅದು ಹೆಣ್ಣುಮಕ್ಕಳಿಗೆ ಓದಿ ಹೇಳಿ, ಸಹಿ ಇಲ್ಲವೆ ಹೆಬ್ಬಟ್ಟು ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ. "ಯಾದೃಚ್ಛಿಕವಾಗಿ ನಿಯೋಜಿಸಲ್ಪಟ್ಟ ಗುಂಪಿನಲ್ಲಿ ತಾವು ಸ್ವಯಂಪ್ರೇರಿತರಾಗಿ" ಎಂದು ಸುರುವಾದ ವಾಕ್ಯ ಆರನೆಯ ಸಾಲಿಗೆ ಮುಗಿಯಿತು. ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿದ ನನಗೇ ಉಸಿರು ಕಟ್ಟಿತು.

ಆ ಕಾಗದ ಗುಟ್ಟಿನದು, ಹೊರಗಿನವರಿಗೆ ತೋರಿಸುವಂತಿಲ್ಲ. ಆದರೆ ಒಂದು ಶಬ್ದದ ಅರ್ಥ ಕೇಳಲು ಅಡ್ಡಿಯೇನು? ಆ ವಾರವೇ ಹುಕ್ಕೇರಿಗೆ, ಚಿಗವ್ವನನ್ನು ನೋಡಲು ಹೋಗಿದ್ದೆ. ಎಂಬತ್ತು ದಾಟಿದ ಜೀವ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಚಿಗವ್ವ, ಯಾದೃಚ್ಛಿಕ ಅಂದ್ರ ಏನ ತಿಳೀತದ ನಿನಗ?"

"ಯಾರ ಇಚ್ಛಾ? ಗಂಡನ ಇಚ್ಛಾ ಏನು?"

ಇಬ್ಬರೂ ನಕ್ಕೆವು. ನಾನು ಒಪ್ಪಿಗೆ ಪತ್ರ, ಹೆಬ್ಬಟ್ಟು ಎಂದೆಲ್ಲ ವಿವರಿಸುತ್ತ ಹೋದಂತೆ ಚಿಗವ್ವನ ನಗು ನಿಂತಿತು.

"ನಾನೂ ಒಮ್ಮೆ ಒತ್ತಿದ್ದೆ. ನೀನ ಇದ್ದಿ ಅವತ್ತು."

ನನಗೆ ಮರೆತೇಹೋಗಿತ್ತು. ನಲವತ್ತು ವರ್ಷದ ಹಿಂದಿನ ಮಾತು. ಆಗಷ್ಟೇ ನೌಕರಿಗೆ ಸೇರಿದ್ದ ನಾನು ಸೂಟಿಗೆ ಬಂದಿದ್ದೆ. ಅವರ ಓಣಿಯಲ್ಲಿ ಯಾರೋ ಶಿಬಿರ ಹಾಕಿದ್ದರು. ಹೆಂಗಸರ ರಕ್ತ ತೆಗೆದುಕೊಂಡು, ಏನೇನೋ ಕೇಳಿ ಬರೆದುಕೊಂಡು, ಕೊನೆಗೆ ಕಾಗದದ ಮೇಲೆ ಹೆಬ್ಬಟ್ಟು ಒತ್ತಿಸುತ್ತಿದ್ದರು. ಚಿಗವ್ವ ಹಿಂಜರಿದಾಗ ಕಾಗದವನ್ನು ಓದದೆಯೇ "ಒತ್ತಿಬಿಡು ಚಿಗವ್ವ, ಏನೂ ಆಗಂಗಿಲ್ಲ" ಎಂದವಳು ನಾನೇ. ಮನೆಯಲ್ಲಿ ಓದಿದವಳು ನಾನೊಬ್ಬಳೇ ಅಲ್ಲವೇ!

"ಆಮ್ಯಾಲ ಯಾರೂ ಬರಲೇ ಇಲ್ಲವಾ. ನನ್ನ ರಕ್ತದಾಗ ಏನ ಕಂಡರೋ ಏನೋ. ಛಲೋ ಇದ್ರ ಛಲೋ ಅನ್ನಬೇಕಿತ್ತು, ಕೆಟ್ಟಿದ್ರ ಕೆಟ್ಟೈತಿ ಅನ್ನಬೇಕಿತ್ತು. ಎರಡು ವರ್ಷ ರಾತ್ರಿ ನಿದ್ದಿ ಬರತಿರಲಿಲ್ಲ. ನಿಮ್ಮ ಕಾಕಾಗೂ ಹೇಳಲಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ಏನಿತ್ತೋ ನಾನು ಕಾಣೆ. ನನ್ನ ಒಂದು ಮಾತಿನಿಂದ ಒಬ್ಬಳು ಎರಡು ವರ್ಷ ಹೆದರಿದಳು.

ತಿಳಿದವರು ತಿಳಿಯದವರ ಪರವಾಗಿ ಒಪ್ಪಿಬಿಡುವ ಈ ಚಾಳಿ ನನ್ನೊಬ್ಬಳದಲ್ಲ. 2009ರಲ್ಲಿ ನೆರೆಯ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಕೊಟ್ಟು ಅಧ್ಯಯನ ನಡೆಯಿತು. 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಸಂಸದೀಯ ಸಮಿತಿ 2013ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬಟ್ಟಿನ ಗುರುತು, 2,763ಕ್ಕೆ ಹಾಸ್ಟೆಲಿನ ವಾರ್ಡನ್ನರ ಸಹಿ. ಲಸಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅದು ಉಪಕಾರಿಯೇ. ಆದರೆ ಊರಲ್ಲಿ ತಂದೆತಾಯಿ ಇರುವಾಗ ವಾರ್ಡನ್ ಯಾರು ಒಪ್ಪಲು? ಅವರೂ ಪಾಪ, ನನ್ನ ಹಾಗೆಯೇ "ಏನೂ ಆಗಂಗಿಲ್ಲ" ಎಂದುಕೊಂಡಿರಬೇಕು.

ಅಚ್ಚಾದ ಲೇಖನದಲ್ಲಿ ಇದೆಲ್ಲ ಕಾಣುವುದಿಲ್ಲ. ಅಲ್ಲಿರುವುದು ಒಂದೇ ಸಾಲು: ಎಲ್ಲರಿಂದ ಒಪ್ಪಿಗೆ ಪಡೆಯಲಾಗಿದೆ. ಆ ಸಾಲಿಗೂ ಹೋರಾಟದ ಇತಿಹಾಸವಿದೆ. 1966ರಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ಡಾಕ್ಟರು, ರೋಗಿಗಳಿಗೆ ತಿಳಿಸದೆ ಅವರನ್ನು ಅಪಾಯಕ್ಕೊಡ್ಡಿದ 22 ಸಂಶೋಧನೆಗಳನ್ನು ಎತ್ತಿ ತೋರಿಸಿದರು. 1975ರಲ್ಲಿ ಜಗತ್ತಿನ ವೈದ್ಯರ ಸಂಘ ತನ್ನ ಹೆಲ್ಸಿಂಕಿ ಘೋಷಣೆಯನ್ನು ತಿದ್ದಿ, ನೀತಿ ಮೀರಿದ ಸಂಶೋಧನೆಯನ್ನು ಪತ್ರಿಕೆಗಳು ಅಚ್ಚು ಹಾಕಬಾರದೆಂದು ಹೇಳಿತು. ಅಚ್ಚಾಗದಿದ್ದರೆ ಸಂಶೋಧಕನಿಗೆ ಹೆಸರೂ ಇಲ್ಲ, ಬಡ್ತಿಯೂ ಇಲ್ಲ. ಆದ್ದರಿಂದ ಪತ್ರಿಕೆಯ ಬಾಗಿಲು ಬಲವಾದ ಬಾಗಿಲೇ. ಆದರೆ ಅದು ಕೊನೆಯ ಬಾಗಿಲು. ಮೊದಲ ಬಾಗಿಲು ಚಿಗವ್ವನ ಪಡಸಾಲೆಯದು.

ಹಾಗೆಂದು ಸಂಶೋಧನೆಯೇ ಬೇಡವೇ? ನಮ್ಮ ಬೆಳಗಾವಿ ಜಿಲ್ಲೆಯದೇ ಉದಾಹರಣೆ ಇದೆ. 2002ರಿಂದ 2005ರವರೆಗೆ ಇಲ್ಲಿನ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳ ಮೇಲೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯ ಪರೀಕ್ಷೆ ನಡೆಯಿತು. 25 ಜನ ನರ್ಸಬಾಯಿಯರು ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ಹೋದ ರಕ್ತವನ್ನು ಅಳೆದರು. 812 ಜನರಿಗೆ ಔಷಧ, 808 ಜನರಿಗೆ ನೋಡಲು ಹಾಗೇ ಇರುವ ಔಷಧವಿಲ್ಲದ ಗುಳಿಗೆ. ಔಷಧವಿಲ್ಲದವರಲ್ಲಿ 100ಕ್ಕೆ 12 ಜನರಿಗೆ ಅತಿಸ್ರಾವವಾದರೆ, ಔಷಧ ಪಡೆದವರಲ್ಲಿ ಆರು ಚಿಲ್ಲರೆ ಜನರಿಗೆ. 2006ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೋಲಿಸದಿದ್ದರೆ ಗುಳಿಗೆಯ ಗುಣ ತಿಳಿಯುತ್ತಿರಲಿಲ್ಲ, ನಿಜ. ಆದರೆ ಆ 808 ಜನರ ಋಣ ದೊಡ್ಡದು. ತನ್ನ ಪಾಲಿಗೆ ಬರಿಯ ಗುಳಿಗೆಯೂ ಬರಬಹುದೆಂದು ತಿಳಿದು ಒಪ್ಪಿದ್ದರೆ ಅದು ದಾನ. ತಿಳಿಯದೆ ಕೊಟ್ಟದ್ದನ್ನು ಏನೆಂದು ಕರೆಯೋಣ?

ಸಭೆಯಲ್ಲಿ ನಾನು ಚಿಗವ್ವನ "ಯಾರ ಇಚ್ಛಾ" ಹೇಳಿದಾಗ ಡಾಕ್ಟರುಗಳು ನಕ್ಕರು. ಆಮೇಲೆ ಅಧ್ಯಕ್ಷರು, ಪತ್ರವನ್ನು ತಿದ್ದಿ, ಹೆಂಗಸರಿಗೆ ಓದಿ ತೋರಿಸಿ ತರಬೇಕೆಂದು ಷರತ್ತು ಹಾಕಿದರು. ಹೀಗೆ ಸಂಶೋಧನೆಯ ಹುಡುಗಿಯೊಂದಿಗೆ ಮೂಡಲಗಿಗೆ ಹೋದೆ. ಮೊದಲು ನಮ್ಮ ಗೋಕಾಕ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಊರು, ನನ್ನ ನಾದಿನಿಯ ಊರೂ ಹೌದು. ಅವಳ ಓಣಿಯ ಏಳೆಂಟು ಹೆಂಗಸರು ಅಂಗಳದಲ್ಲಿ ಸೇರಿದರು. "ಯಾದೃಚ್ಛಿಕ" ಹೋಗಿ "ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವುದು ಬರುತ್ತದೆಂದು ಡಾಕ್ಟರೂ ಆರಿಸುವುದಿಲ್ಲ" ಎಂದಾಯಿತು. ಪ್ರಶ್ನೆಗಳು ಸುರಿದವು.

"ನಡುವ ಬಿಟ್ಟರ ದವಾಖಾನ್ಯಾಗ ಸಿಟ್ಟಾಗಂಗಿಲ್ಲೇನ್ರಿ?" ಇಲ್ಲ, ಎಂದಿನ ಚಿಕಿತ್ಸೆ ನಿಲ್ಲಿಸುವಂತಿಲ್ಲ. "ಮನ್ಯಾಗ ಅವರು ಹೂಂ ಅಂದ್ರ ಸಾಕೇನ್ರಿ?" ಸಾಲದು, ಒಪ್ಪಬೇಕಾದವಳು ನೀನೇ. ಓದು ಬರದವರ ಹೆಬ್ಬಟ್ಟಿಗೆ ಸಂಶೋಧನೆಯವರಲ್ಲದ ಒಬ್ಬರು ಸಾಕ್ಷಿ ಇರಬೇಕು.

ಎಲ್ಲ ಕೇಳಿದ ಮೇಲೆ ಮೂಲೆಯಲ್ಲಿದ್ದ ಒಬ್ಬಾಕೆ, "ಈಗ ತಿಳೀತ್ರಿ. ನಾ ಅಂತೂ ಒಲ್ಲೆ" ಎಂದಳು. ಸಂಶೋಧನೆಯ ಹುಡುಗಿಯ ಮುಖ ಸಣ್ಣದಾಯಿತು. ನನಗೆ ಮಾತ್ರ, ಕಾಗದ ಕನ್ನಡವಾದದ್ದು ಆ "ಒಲ್ಲೆ" ಬಂದಾಗಲೇ ಅನಿಸಿತು.

ಕೊನೆಯಲ್ಲಿ ನಾನು ಹಟ ಹಿಡಿದು ಒಂದು ಸಾಲು ಸೇರಿಸಿದೆ: ನಿಮ್ಮ ರಕ್ತದ ಪರೀಕ್ಷೆಯಲ್ಲಿ ಕಂಡದ್ದನ್ನು ನಿಮಗೆ ಬಂದು ಹೇಳುತ್ತೇವೆ. ಸಮಿತಿ ಒಪ್ಪಿತು. ಹುಕ್ಕೇರಿಗೆ ಹೋದಾಗ ಹೆಮ್ಮೆಯಿಂದ ಚಿಗವ್ವನಿಗೆ ಹೇಳಿದೆ. ಅವಳು ಶೇಂಗಾದ ಸಿಪ್ಪೆಯನ್ನು ಸೆರಗಿನಿಂದ ಕೊಡವುತ್ತ ಅಂದಳು:

"ಬರದೀ ಖರೆ. ಬಂದು ಹೇಳಿದ್ರೇನ ಅಂತ ನೀನ ಹೋಗಿ ಕೇಳು."