ಪೆಟ್ಟಿಗೆ ಅಲ್ಲಿ, ದೀಪ ಇಲ್ಲಿ

ಮನೆಗೆ ಸ್ಲ್ಯಾಬ್ ಹಾಕುವ ದಿನ ಎಲ್ಲರ ಲಕ್ಷ್ಯ ಸಿಮೆಂಟು, ಮರಳು, ಕಬ್ಬಿಣದ ಸಳಿಗಳ ಮೇಲೆ ಇರುತ್ತದೆ. ಆ ಸಳಿಗಳ ನಡುವೆ ಕಟ್ಟಿಡುವ ಬೋಗುಣಿಯಷ್ಟಗಲದ ಫ್ಯಾನ್ ಬಾಕ್ಸನ್ನು ಯಾರೂ ಹೆಚ್ಚಾಗಿ ನೋಡುವುದಿಲ್ಲ. ಒಮ್ಮೆ ಕಾಂಕ್ರೀಟು ಬಿದ್ದು ಗಟ್ಟಿಯಾಯಿತೆಂದರೆ ಅದು ಇದ್ದಲ್ಲೇ ಇರುವ ವಸ್ತು. ಮನೆಯಲ್ಲಿ ಕಪಾಟು ಸರಿಯುತ್ತದೆ, ಪಲ್ಲಂಗ ಸರಿಯುತ್ತದೆ, ಕಾಲ ಬಂದರೆ ಗೋಡೆಯೂ ಹುಟ್ಟುತ್ತದೆ; ಛತ್ತಿನೊಳಗಿನ ಆ ಪೆಟ್ಟಿಗೆ ಮಾತ್ರ ಸರಿಯುವುದಿಲ್ಲ.

ಅಕ್ಕಲಕೋಟೆಯ ನಮ್ಮ ಮನೆಯ ಪಡಸಾಲೆ ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ. 1986ರಲ್ಲಿ ಮಾವನವರು ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದಾಗ ಮೂಲೆಯಿಂದ ಮೂಲೆಗೆ ಎರಡು ದಾರ ಎಳೆಸಿ, ಅವು ಕೂಡಿದ ಬಿಂದುವಿಗೇ ಪೆಟ್ಟಿಗೆ ಇಡಿಸಿದರಂತೆ. ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ಫ್ಯಾನು ತಿರುಗಿತು. 2019ರಲ್ಲಿ ಅಣ್ಣತಮ್ಮಂದಿರ ವಾಟಣಿ ಆಯಿತು. ಜಗಳವೇನೂ ಆಗಲಿಲ್ಲ, ಮಕ್ಕಳು ದೊಡ್ಡವರಾದರು, ಜಾಗ ಸಾಲಲಿಲ್ಲ, ಅಷ್ಟೆ. ಒಳಗಿನ ಅಡುಗೆಮನೆ ಭಾವನವರ ಪಾಲಿಗೆ ಹೋದದ್ದರಿಂದ ಪಡಸಾಲೆಯಲ್ಲಿ ನಮಗೆ ಒಂದೂವರೆ ಅಡಿ ಹೆಚ್ಚು ಬಂತು. ಗೌಂಡಿ ಎರಡು ದಿನದಲ್ಲಿ ಗೋಡೆ ಎಬ್ಬಿಸಿ ಗಿಲಾವು ಮಾಡಿ ಹೋದ.

ಆಮೇಲೆ ತಲೆ ಎತ್ತಿ ನೋಡಿದರೆ, ಮಾವನವರು ದಾರ ಹಿಡಿಸಿ ನಡುವೆ ಇಡಿಸಿದ ಪೆಟ್ಟಿಗೆ ಹೊಸ ಗೋಡೆಯಿಂದ ಒಂದೂವರೆ ಅಡಿಯಲ್ಲಿ ನಿಂತಿತ್ತು. ನಲವತ್ತೆಂಟು ಇಂಚಿನ ಫ್ಯಾನಿಗೆ ನಡುವಿನಿಂದ ರೆಕ್ಕೆಯ ತುದಿಯವರೆಗೆ ಎರಡು ಅಡಿ ಬೇಕು. ಹಾಕಿದ್ದರೆ ಗೋಡೆಗೆ ಬಡಿಯುತ್ತಿತ್ತು. ಫ್ಯಾನು ಇಳಿಸಿ, ಪೆಟ್ಟಿಗೆಗೆ ಮುಚ್ಚಳ ಹಾಕಿ, ಗೋಡೆಗೊಂದು ಟ್ಯೂಬ್‌ಲೈಟ್ ಜಡಿದು ಐದು ವರ್ಷ ಕಳೆದೆವು.

ಪ್ರಶ್ನೆ ಎದ್ದದ್ದು ಅತ್ತೆಯವರಿಂದ. ಅವರಿಗೆ ಎಪ್ಪತ್ತೆಂಟು. ಒಂದು ಕಣ್ಣಿನ ಪೊರೆ ತೆಗೆಸಿದೆ. ನಮ್ಮಲ್ಲಿ ರಾತ್ರಿಯೂಟ ಇಲ್ಲದ್ದರಿಂದ ಹೊತ್ತು ಮುಳುಗುವ ಮೊದಲೇ ಊಟದ ಮೇಜು ಖಾಲಿಯಾಗುತ್ತದೆ. ಆಮೇಲೆ ಅದರ ಒಂದು ಬದಿಗೆ ಮಕ್ಕಳ ಅಭ್ಯಾಸ, ಇನ್ನೊಂದು ಬದಿಗೆ ಅತ್ತೆಯವರ ಸ್ವಾಧ್ಯಾಯ. ಟ್ಯೂಬ್‌ಲೈಟ್ ಅವರ ಬೆನ್ನ ಹಿಂದೆ. “ನನ್ನ ನೆರಳ ನನ್ನ ಪುಸ್ತಕದ ಮ್ಯಾಲ ಬೀಳತೈತಿ” ಎಂದು ಅವರು ದಿನಾ ಕುರ್ಚಿ ತಿರುಗಿಸುತ್ತಿದ್ದರು. ತಿರುಗಿಸಿದರೆ ಬೆಳಕು ನೇರ ಕಣ್ಣಿಗೇ ಬರುತ್ತಿತ್ತು. 2024ರ ಚಳಿಗಾಲದಲ್ಲಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂಡಲಾರಂಭಿಸಿದರು. ಅವರು ಬೇಸರ ಎಂದು ಹೇಳಿಕೊಳ್ಳುವವರಲ್ಲ, ಆದರೆ ನಮಗೆ ಕಾಣದೆ ಇರುತ್ತದೆಯೇ?

ಮೇಜಿನ ಮೇಲೆ ತೂಗುವ ದೀಪ, ಅಂದರೆ ಅಂಗಡಿಯವರು ಪೆಂಡೆಂಟ್ ಎನ್ನುವುದು, ಬೇಕೆಂದು ನಿಶ್ಚಯವಾಯಿತು. ಅತ್ತೆಯವರದು ಒಂದೇ ಕರಾರು: “ಹುಳ ಬಂದು ಬಿದ್ದು ಸಾಯೂವಂಥ ದೀಪ ಬ್ಯಾಡ.” ಆದ್ದರಿಂದ ಮೇಲೆ ಬಾಯಿ ತೆರೆದ ಬಟ್ಟಲಿನಂಥದ್ದನ್ನು ಬಿಟ್ಟು, ಕೆಳಮುಖದ ಗಾಜಿನ ಬುರುಡೆಯ ದೀಪವನ್ನು ಸೊಲ್ಲಾಪುರದಿಂದ ತಂದೆವು. ಒಳಗೆ ಹಳದಿ ಬೆಳಕಿನ ಒಂಬತ್ತು ವ್ಯಾಟಿನ ಎಲ್‌ಇಡಿ. ಬಿಳಿ, ನೀಲಿಛಾಯೆಯ ಬೆಳಕಿಗಿಂತ ಹಳದಿ ಬೆಳಕಿಗೆ ಹುಳ ಕಡಿಮೆ ಬರುತ್ತವೆ.

ಇನ್ನು ದೀಪವನ್ನು ಎಲ್ಲಿಗೆ ತೂಗುಹಾಕುವುದು? ಪೆಟ್ಟಿಗೆಗೇ ಹಾಕಿದರೆ ಗೋಡೆಗೆ ಮಂಗಳಾರತಿ ಎತ್ತಿದಂತೆ. ಮೇಜನ್ನೇ ಗೋಡೆಗೆ ಒತ್ತಿದರೆ ನಾಲ್ಕು ಬದಿಗೆ ಕೂಡುವವರು ಮೂರೇ ಬದಿಗೆ ಕೂಡಬೇಕು. ಸ್ಲ್ಯಾಬ್ ಕೆತ್ತಿ ಹೊಸ ಪೈಪು ಹೂಳುವ ಮಾತನ್ನು ನಮ್ಮವರು ಎತ್ತಿದರು, ನಾನು ಒಪ್ಪಲಿಲ್ಲ. ಸುಮಾರು ನಲವತ್ತು ವರ್ಷದ ಸ್ಲ್ಯಾಬಿನ ಸಳಿಗಳಿಗೆ ಗಾಳಿ ನೀರು ತಾಗುವಂತೆ ಕೆತ್ತುವುದು ಒಂದು ದೀಪಕ್ಕಾಗಿ ಮಾಡುವ ಕೆಲಸವಲ್ಲ. ವಿದ್ಯುತ್ತು ಪೆಟ್ಟಿಗೆಯಿಂದ ಬರಲಿ, ಭಾರವನ್ನು ಬೇರೆ ಕಡೆ ಒಂದು ಹುಕ್ಕು ಹೊರಲಿ. ಪೆಟ್ಟಿಗೆಯಿಂದ ಹುಕ್ಕಿನವರೆಗೆ ವಾಯರು ಛತ್ತಿನ ಕೆಳಗೆ ಸಣ್ಣ ತೋರಣದ ಹಾಗೆ ಹೋಗಿ, ಅಲ್ಲಿಂದ ಕೆಳಗಿಳಿದರೆ ಸಾಕು.

ಹುಕ್ಕಿನ ಜಾಗ ಹುಡುಕಲು ಮೇಜಿನ ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು ನಡುವೆ ಸೀಮೆಸುಣ್ಣದ ಗುರುತು ಮಾಡಿದೆ. ಮಗ ಏಣಿ ಹತ್ತಿ, ದಾರಕ್ಕೆ ಕಟ್ಟಿದ ಲಿಂಬೆಹಣ್ಣನ್ನು ಛತ್ತಿನಿಂದ ಇಳಿಬಿಟ್ಟು, ಅದರ ತುದಿ ಗುರುತಿನ ಮೇಲೆ ನಿಂತಾಗ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿದ. ಪೆಟ್ಟಿಗೆಯಿಂದ ಅಲ್ಲಿಗೆ ನಾಲ್ಕು ಅಡಿ ಮೂರು ಇಂಚು. ಅದು ಸ್ವಿಚ್‌ಬೋರ್ಡಿನ ದಿಕ್ಕಿನಲ್ಲಿ ಇಲ್ಲದ್ದು ಒಳ್ಳೆಯದಾಯಿತು. ಗೋಡೆಯಲ್ಲಿ ಪೈಪು ನೆಟ್ಟಗೆ ಮೇಲೆ ಹೋಗುತ್ತದೆ, ಆದರೆ ಸ್ಲ್ಯಾಬಿನೊಳಗೆ ಅದನ್ನು ಹತ್ತಿರದ ದಾರಿ ಹಿಡಿದು ಓರೆಯಾಗಿಯೂ ಒಯ್ದಿರುತ್ತಾರೆ. ಆ ದಾರಿಯಲ್ಲಿ ರಂಧ್ರ ಕೊರೆಯಬಾರದು.

ಎತ್ತರದ ಲೆಕ್ಕವೂ ಮುಖ್ಯ. ದೀಪದ ಕೆಳ ಅಂಚು ಮೇಜಿನ ಹಲಗೆಯಿಂದ ಮೂವತ್ತರಿಂದ ಮೂವತ್ತಾರು ಇಂಚು ಮೇಲಿದ್ದರೆ ಪುಸ್ತಕಕ್ಕೂ ಬೆಳಕು, ಎದುರಿಗೆ ಕುಳಿತವರ ಮುಖವೂ ಮರೆಯಾಗದು. ದೀಪಕ್ಕೆ ಕಂಪನಿಯವರು ಕೊಟ್ಟ ವಾಯರು ಮೂರೇ ಅಡಿ. ನಮಗೆ ಬೇಕಾದದ್ದು ಹತ್ತು ಅಡಿ. ನಡುವೆ ಗಂಟು ಹಾಕಿ ಟೇಪು ಸುತ್ತುವ ಕೆಲಸವನ್ನು ಗಾಳಿಯಲ್ಲಿ ತೂಗುವ ವಾಯರಿಗೆ ಎಂದೂ ಮಾಡಬಾರದು. ಹೋಲ್ಡರ್ ಬಿಚ್ಚಿ, ಮೂರೆಳೆಯ ಹೊಸ ವಾಯರನ್ನೇ ಅಖಂಡವಾಗಿ ಹಾಕಿಸಬೇಕು.

ವಾಯರಮನ್ ಬಂದ ದಿನ ನಮ್ಮ ಮನೆಯ ಮೇನ್ ಸ್ವಿಚ್ ಬಂದ್ ಮಾಡಿದೆವು. ಆತ ಅನುಭವಸ್ಥ. ಭಾವನವರ ಕಡೆಯ ವರಾಂಡದ ಚಾಲೂ ಪ್ಲಗ್ಗಿಗೆ ಟೆಸ್ಟರ್ ಹಚ್ಚಿ, ಅದು ಉರಿಯುತ್ತದೆಯೆಂದು ಮೊದಲು ಖಾತ್ರಿ ಮಾಡಿಕೊಂಡ. ಆಮೇಲೆ ಏಣಿ ಹತ್ತಿ, ಪೆಟ್ಟಿಗೆಯ ಮುಚ್ಚಳ ತೆಗೆದು ಒಂದೊಂದೇ ತಂತಿಗೆ ಮುಟ್ಟಿಸಿದ. ಮೂರನೆಯ ತಂತಿಗೆ ಟೆಸ್ಟರಿನ ದೀಪ ಹತ್ತಿತು.

“ಅಕ್ಕಾರ, ನಿಮ್ಮ ಮೇನ್ ಬಂದ್ ಐತಿ. ಇಲ್ಲಿ ಕರೆಂಟ್ ಐತಿ.”

ನನ್ನ ಎದೆ ಝಲ್ಲೆಂದಿತು. ಏಣಿಯ ಕೆಳಗೆ ಮಗ ಇಕ್ಕಳ ಹಿಡಿದು ನಿಂತಿದ್ದ. ಮೇನ್ ತೆಗೆದಿದೆಯಲ್ಲ ಎಂದು ಆತ ನೇರ ಕೈ ಹಾಕಿದ್ದರೆ? ನೋಡಿದರೆ, ವಾಟಣಿಯಲ್ಲಿ ಮೀಟರು ಬೇರೆ ಮಾಡಿದ್ದರು, ಬೋರ್ಡು ಬೇರೆ ಮಾಡಿದ್ದರು. ಭಾವನವರ ಕಡೆಯ ಟ್ಯೂಬ್‌ಲೈಟಿಗೆ ಹೋಗುವ ತಂತಿ ಮಾತ್ರ ಹಳೆಯ ದಾರಿಯಲ್ಲೇ, ನಮ್ಮ ಈ ಪೆಟ್ಟಿಗೆಯ ಮೂಲಕ ಹಾದು ಹೋಗುತ್ತಿತ್ತು. ಕೆಂಪು ತಂತಿ ಅವರ ಮೀಟರಿನದು. ಕಪ್ಪು ತಂತಿ ಎರಡೂ ಮನೆಗೆ ಒಂದೇ. ಗೋಡೆ ಬಂದು ಐದು ವರ್ಷವಾದರೂ ಪೆಟ್ಟಿಗೆಯೊಳಗೆ ಅವು ಅವಿಭಕ್ತ ಕುಟುಂಬವಾಗಿಯೇ ಇದ್ದವು! ಪಾಲಾದ ಮನೆಯಲ್ಲಿ ಇರುವ ಸೋದರಿಯರು ಇದೊಂದನ್ನು ಅವಶ್ಯ ನೋಡಿಸಿಕೊಳ್ಳಿರಿ. ನಿಮ್ಮ ಮೇನ್ ತೆಗೆದ ಮಾತ್ರಕ್ಕೆ ನಿಮ್ಮ ಛತ್ತಿನ ತಂತಿ ಸತ್ತಿದೆಯೆಂದು ನಂಬಲು ಬರುವುದಿಲ್ಲ.

ಈಗ ಭಾವನವರ ಮೇನ್ ತೆಗೆಯಿಸಬೇಕು. ಗೋಡೆಯಾದ ಮೇಲೆ ಎರಡೂ ಮನೆಗಳ ಮಾತು ಹಬ್ಬ ಹುಣ್ಣಿಮೆಗೆ ಇಳಿದಿತ್ತು. ಅತ್ತೆಯವರು ತಿಂಗಳಿಗೊಮ್ಮೆ ಆ ಕಡೆ, ತಿಂಗಳಿಗೊಮ್ಮೆ ಈ ಕಡೆ ಇರುತ್ತಾರೆ. ಸುದ್ದಿ ಹೋಗಿ ಬರುವುದೂ ಅವರ ಜೊತೆಗೇ. ನಮ್ಮವರು “ನಾಳೆ ಹೇಳಿದರಾಯಿತು” ಎಂದರು. ವಾಯರಮನ್ ನಾಳೆ ಸಿಗುವವನಲ್ಲ. ನಾನೇ ಸೆರಗು ಸರಿಮಾಡಿಕೊಂಡು ಹೋಗಿ ನೆಗೆಣ್ಣಿಗೆ ಹೇಳಿದೆ: “ಅಕ್ಕಾ, ನಿಮ್ಮ ಕರೆಂಟ್ ನಮ್ಮ ಪೆಟ್ಟಿಗ್ಯಾಗ ಐತಂತ. ತಾಸೆರಡು ತಾಸು ಬಂದ್ ಮಾಡಬೇಕಾಗೇತಿ.”

ಒಳಗೆ ಪೇಪರು ಓದುತ್ತಿದ್ದ ಭಾವನವರು ತಾವೇ ಎದ್ದು ಬಂದು ಮೇನ್ ತೆಗೆದರು. ಅಷ್ಟಕ್ಕೆ ನಿಲ್ಲದೆ ನಮ್ಮ ಕಡೆ ಬಂದು ಏಣಿಯ ಕೆಳಗೆ ನಿಂತು, “ಅಣ್ಣಾ ದಾರಾ ಹಿಡದು ನಡಕ ಇಡಿಸಿದ್ದರಪಾ ಇದನ್ನ” ಎಂದರು. ತಂದೆಯನ್ನು ಈ ಮನೆಯಲ್ಲಿ ಅಣ್ಣಾ ಎಂದೇ ಕರೆಯುತ್ತಾರೆ. ನಮ್ಮವರು ಏನೂ ಅನ್ನಲಿಲ್ಲ, ಏಣಿಯ ಇನ್ನೊಂದು ಕಾಲು ಹಿಡಿದುಕೊಂಡರು. ವಾಯರಮನ್ ಅವರ ತಂತಿಯನ್ನು ಪೆಟ್ಟಿಗೆಯಿಂದ ಪೂರ್ತಿ ಬಿಡಿಸಿ, ಅವರ ಟ್ಯೂಬ್‌ಲೈಟಿಗೆ ಅವರದೇ ಬೋರ್ಡಿನಿಂದ ಗೋಡೆಯ ಮೇಲೆ ಹೊಸ ಪಟ್ಟಿ ಹೊಡೆದು ಕೊಟ್ಟ. ಆ ಖರ್ಚು ನಾವು ಕೊಡುತ್ತೇವೆಂದರೆ ಭಾವನವರು ಕೇಳಲಿಲ್ಲ.

ಉಳಿದ ಕೆಲಸ ಸರಳ. ಹಳೆಯ ವಾಯರಿಂಗಿನಲ್ಲಿ ದೀಪಕ್ಕೆ ಅರ್ಥಿಂಗ್ ಇರಲಿಲ್ಲ; ದೀಪದ ಕೊರಳು ಹಿತ್ತಾಳೆಯದು, ಆದ್ದರಿಂದ ಬೋರ್ಡಿನಿಂದ ಹಸಿರು ತಂತಿ ಎಳೆಸಿದೆವು. ಹೊಸ ವಾಯರಿನಲ್ಲಿ ಕಂದು ಎಳೆ ಕರೆಂಟಿನದು, ನೀಲಿ ನ್ಯೂಟ್ರಲ್. ನಮ್ಮ ಹಳೆಯ ಕೆಂಪು-ಕಪ್ಪಿನ ಲೆಕ್ಕಕ್ಕೆ ಇದನ್ನು ಜೋಡಿಸುವಾಗ ಲಕ್ಷ್ಯ ಬೇಕು. ಹುಕ್ಕಿಗೆ ಪ್ಲಾಸ್ಟಿಕ್ ಗುಟ್ಟ ಬೇಡವೆಂದು ಆತನೇ ಹೇಳಿದ. ಛತ್ತಿನಲ್ಲಿ ಭಾರ ಸದಾ ಕೆಳಗೆ ಜಗ್ಗುವುದರಿಂದ ಅದು ಕ್ರಮೇಣ ಜಾರಬಹುದು. ಬಿಗಿ ಮಾಡಿದಂತೆ ರಂಧ್ರದೊಳಗೆ ಅರಳುವ ಕಬ್ಬಿಣದ ಹುಕ್ಕು ಹಾಕಿದ. ದೀಪದ ತೂಕ ಒಂದೂವರೆ ಕಿಲೊ. ನಾನು ಆ ರಾತ್ರಿ ಮೇಜು ಸರಿಸಿ, ಹುಕ್ಕಿಗೆ ಎಂಟು ಲೀಟರ್ ನೀರಿನ ಬಕೀಟು ತೂಗುಹಾಕಿದೆ. ಬೆಳಿಗ್ಗೆ ಅದು ಒಂದು ಕೂದಲೆಳೆ ಇಳಿದಿರಲಿಲ್ಲ. ಆಮೇಲೆಯೇ ದೀಪ ಏರಿದ್ದು. ಭಾರವನ್ನು ಸರಪಳಿ ಹೊರುತ್ತದೆ, ವಾಯರು ಅದರ ಕೊಂಡಿಗಳೊಳಗೆ ಸಡಿಲಾಗಿ ಇಳಿದಿದೆ.

ಪೆಟ್ಟಿಗೆಯಿಂದ ಹುಕ್ಕಿನವರೆಗಿನ ವಾಯರು ಜೋಲುವುದನ್ನು ನೋಡಿ ಅತ್ತೆಯವರು, “ಅರಿವಿ ಒಣ ಹಾಕೂ ಹಗ್ಗ ಕಟ್ಟೀರೇನು?” ಎಂದರು. ನನ್ನ ಅಭಿಪ್ರಾಯದಲ್ಲಿ ಜೋಲುವುದಾದರೆ ಸರಿಯಾಗಿ ಒಂದು ಗೇಣು ಜೋಲಬೇಕು. ಅರ್ಧ ಬಿಗಿ, ಅರ್ಧ ಸಡಿಲಾಗಿದ್ದರೆ ಮಾತ್ರ ಹಗ್ಗದಂತೆ ಕಾಣುತ್ತದೆ. ಜೋಲುವುದೇ ಬೇಡವೆನ್ನುವವರು ಛತ್ತಿಗೆ ಪಟ್ಟಿ ಹೊಡೆಸಿ ಅದರೊಳಗೆ ಹಾಯಿಸಬಹುದು.

ಈಗ ಅತ್ತೆಯವರ ಪುಸ್ತಕದ ಮೇಲೆ ನೆರಳಿಲ್ಲ. ಮಕ್ಕಳು ಎದ್ದುಹೋದ ಮೇಲೂ ಅವರು ಓದುತ್ತ ಕುಳಿತಿರುತ್ತಾರೆ. ಬರುವ ತಿಂಗಳು ಅವರು ಆ ಕಡೆ ಹೋಗಬೇಕು. ಮೊನ್ನೆ ಭಾವನವರು ಬಂದು, ದೀಪದ ಕೆಳಗೆ ಕುಳಿತು, ತಲೆ ಎತ್ತಿ ಬಹಳ ಹೊತ್ತು ನೋಡಿ, ತಮ್ಮ ಛತ್ತಿನಲ್ಲಿ ಪೆಟ್ಟಿಗೆಯೇ ಇಲ್ಲವಲ್ಲ ಎಂದರು. ಬೋರ್ಡಿನಿಂದ ಪಟ್ಟಿ ಹೊಡೆದು ತರಬಹುದೆಂದು ನಮ್ಮವರು ಹೇಳಿದರು. “ಹುಕ್ಕಿಗೆ ಎಷ್ಟ ಬಿತ್ತು?” ಎಂದು ಭಾವನವರು ಕೇಳಿದರು. ನಲವತ್ತು ರೂಪಾಯಿ ಎಂದೆ.