ಪುಸ್ತಕಪುರ ಎಂಬ ಊರು

ಹೀಬ್ರೂ ಜನರ ಧರ್ಮಗ್ರಂಥದಲ್ಲಿ ಕಿರ್ಯತ್‌ಸೇಫೆರ್ ಎಂಬುದೊಂದು ಊರಿನ ಹೆಸರುಂಟು. ಯೆಹೋಶುವನ ಗ್ರಂಥದ ೧೫ನೆಯ ಅಧ್ಯಾಯದಲ್ಲಿಯೂ ನ್ಯಾಯಸ್ಥಾಪಕರ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೂ ಹೊರತು ಅದು ಮತ್ತೆಲ್ಲಿಯೂ ಕಾಣುವುದಿಲ್ಲ. ಬೈಬಲನ್ನು ನಿತ್ಯವೂ ಓದುವವರು ಕೂಡ ಅದನ್ನು ಗಮನಿಸದೆ ಮುಂದೆ ಸಾಗಿಬಿಡುವುದುಂಟು. 'ಕಿರ್ಯಾ' ಎಂದರೆ ಪಟ್ಟಣ, 'ಸೇಫೆರ್' ಎಂದರೆ ಪುಸ್ತಕ. ಪುಸ್ತಕಪುರವೆಂದು ನಾವು ಕನ್ನಡಿಸಿಕೊಳ್ಳಬಹುದು.

ಆದರೆ ಸೇಫೆರ್ ಎಂಬ ಮಾತಿನ ವ್ಯಾಪ್ತಿ ನಮ್ಮ 'ಪುಸ್ತಕ'ಕ್ಕಿಂತ ಹಿರಿದು. ಹೊಲದ ಕ್ರಯಪತ್ರವೂ ಸೇಫೆರೇ, ಗಂಡನು ಹೆಂಡತಿಯನ್ನು ಬಿಡುವಾಗ ಬರೆದುಕೊಡುತ್ತಿದ್ದ ಪತ್ರವೂ ಸೇಫೆರೇ. ಹೀಗಿರುವಾಗ ಆ ಊರಿನಲ್ಲಿದ್ದುದು ಗ್ರಂಥಭಂಡಾರವೋ ಬರಿಯ ಕರಣಿಕನ ಕಚೇರಿಯೋ ಎಂದು ಸಂದೇಹ ಹುಟ್ಟುವುದು ಸಹಜವೇ. ಬೈಬಲನ್ನು ಪುರಾತನ ಕಾಲದಲ್ಲಿ ಗ್ರೀಕಿಗೆ ತಂದವರು ಈ ಹೆಸರನ್ನು ಹಾಗೆಯೇ ಇರಗೊಡದೆ 'ಅಕ್ಷರಗಳ ಪಟ್ಟಣ'ವೆಂದು ಅನುವಾದಿಸಿದರು. ಸ್ವರಗಳನ್ನು ತುಸು ಬದಲಿಸಿ ಓದಿದರೆ 'ಲೇಖಕನ ಊರು' ಎಂದಾಗುತ್ತದೆ. 'ಗಡಿಯೂರು' ಎಂದು ಹೇಳುವ ಪಂಡಿತರೂ ಇದ್ದಾರೆ. ಹೀಬ್ರೂ ಲಿಪಿಯಲ್ಲಿ ಮೊದಲು ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದುದರಿಂದ ಇಂತಹ ಚರ್ಚೆಗಳಿಗೆ ಕೊನೆಯಿಲ್ಲ.

೧೮೮೭ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದ ಪತ್ರಗಳು ದೊರೆತವು. ಕಾನಾನ್ ದೇಶದ ಅರಸರು ಫರೋಹನಿಗೆ ಕಳುಹಿಸಿದ ಓಲೆಗಳೂ ಅವುಗಳಲ್ಲಿದ್ದವು. ಕಾನಾನಿನಲ್ಲಿ ಅಷ್ಟು ಹಿಂದೆಯೇ ಬರಹ ಬಲ್ಲವರಿದ್ದರೆಂದ ಮೇಲೆ ಪುಸ್ತಕಪುರದಲ್ಲಿ ಅಂತಹ ಹಲಗೆಗಳ ಭಂಡಾರವೇ ಹೂತಿರಬೇಕೆಂದು ಇಂಗ್ಲೆಂಡಿನ ವಿದ್ವಾಂಸ ಸೇಸ್ ಮುಂತಾದವರು ಆಸೆಗೊಂಡರು. ನಾವೂ ಆಸೆಗೊಳ್ಳುತ್ತಿದ್ದೆವು. ಆದರೆ ಊರು ಇದ್ದುದಾದರೂ ಎಲ್ಲಿ?

ಬೈಬಲಿನ ಕಥೆ ಹೀಗಿದೆ. ಹೆಬ್ರೋನಿನ ಒಡೆಯನಾದ ಕಾಲೇಬನು ಈ ಊರನ್ನು ಗೆದ್ದವನಿಗೆ ತನ್ನ ಮಗಳು ಅಕ್ಸಾಳನ್ನು ಕೊಡುವೆನೆಂದು ಸಾರಿದನು. ಅವನ ಬಂಧುವಾದ ಒತ್ನೀಯೇಲನು ಗೆದ್ದು ಅವಳನ್ನು ಮದುವೆಯಾದನು. ಊರಿಗೆ ದೆಬೀರ್ ಎಂಬ ಬೇರೊಂದು ಹೆಸರೂ ಇತ್ತು. ಅಕ್ಸಾಳು ಕತ್ತೆಯಿಂದಿಳಿದು ತಂದೆಯ ಮುಂದೆ ನಿಂತು, ತನಗೆ ಕೊಟ್ಟದ್ದು ಒಣನೆಲ, ಅದರ ಜೊತೆಗೆ ನೀರನ್ನೂ ಕೊಡಬೇಕೆಂದು ಕೇಳಿದಳು. ತಂದೆ ಮೇಲಣ ಬುಗ್ಗೆಯನ್ನೂ ಕೆಳಗಣ ಬುಗ್ಗೆಯನ್ನೂ ಕೊಟ್ಟನು. ಪುಸ್ತಕಪುರಕ್ಕೆ ಸೊಸೆಯಾಗಿ ಬಂದ ಹೆಣ್ಣು ಬೇಡಿದ್ದು ಪುಸ್ತಕವನ್ನಲ್ಲ! ಮನೆ ನಡೆಸುವವರಿಗೆ ಇದರಲ್ಲಿ ಸೋಜಿಗವೇನೂ ತೋರದು.

ಅಮೆರಿಕದ ಆಲ್ಬ್ರೈಟ್ ಎಂಬ ಪ್ರಾಕ್ತನ ವಿದ್ವಾಂಸರು ಹೆಬ್ರೋನಿನ ನೈಋತ್ಯಕ್ಕಿರುವ ತೆಲ್ ಬೇತ್ ಮಿರ್ಸಿಮ್ ಎಂಬ ದಿಬ್ಬವೇ ದೆಬೀರ್ ಎಂದು ನಂಬಿ, ೧೯೨೬ರಿಂದ ೧೯೩೨ರವರೆಗೆ ನಾಲ್ಕು ಬಾರಿ ಅಗೆಸಿದರು. ಮಡಕೆ ಚೂರುಗಳಿಂದ ಕಾಲನಿರ್ಣಯ ಮಾಡುವ ವಿದ್ಯೆ ಅಲ್ಲಿ ಬಲವಾಗಿ ಬೆಳೆಯಿತು. ಕಲ್ಲಿನ ತೊಟ್ಟಿಗಳು ಸಿಕ್ಕವು. ಅವು ಬಣ್ಣದ ತೊಟ್ಟಿಗಳೆಂದು ಆಲ್ಬ್ರೈಟರು ತಿಳಿದರು, ಆಲಿವ್ ಎಣ್ಣೆಯ ಗಾಣಗಳೆಂದು ಮುಂದಿನವರು ತಿದ್ದಿದರು. ಪುಸ್ತಕಭಂಡಾರ ಮಾತ್ರ ಸಿಗಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು: ಯೆಹೋಶುವನ ಗ್ರಂಥವು ದೆಬೀರನ್ನು ಬೆಟ್ಟನಾಡಿನ ಊರುಗಳಲ್ಲಿ ಎಣಿಸುತ್ತದೆ, ಈ ದಿಬ್ಬವಾದರೋ ತಗ್ಗುನಾಡಿನ ಅಂಚಿನಲ್ಲಿದೆ.

೧೯೬೮ ಮತ್ತು ೧೯೬೯ರಲ್ಲಿ ಇಸ್ರೇಲಿನ ಮೋಶೆ ಕೊಖಾವಿಯವರು ಹೆಬ್ರೋನಿಗೆ ನೈಋತ್ಯದಲ್ಲಿಯೇ, ಬೆಟ್ಟಗಳ ನಡುವೆ, ಖಿರ್ಬೆತ್ ರಬೂದ್ ಎಂಬ ಹಾಳುದಿಣ್ಣೆಯನ್ನು ಅಗೆದರು. ಅರಬ್ಬಿಯಲ್ಲಿ ಖಿರ್ಬೆತ್ ಎಂದರೆ ಹಾಳೂರು. ಕಾನಾನ್ಯರ ಕಾಲದ ಕೋಟೆಗೋಡೆಯೂ ಇಸ್ರಾಯೇಲ್ಯರ ಕಾಲದ ಗೋಡೆಯೂ ಅಲ್ಲಿ ಕಂಡವು. ಈಗ ಬಹುಮಂದಿ ವಿದ್ವಾಂಸರು ದೆಬೀರೆಂದು ಒಪ್ಪುವುದು ಇದನ್ನೇ. ಬರಹದ ಭಂಡಾರ ಇಲ್ಲಿಯೂ ಇಲ್ಲ.

ಒಪ್ಪಲು ಕಾರಣಗಳಲ್ಲಿ ನಮಗೆ ಎಲ್ಲಕ್ಕಿಂತ ರುಚಿಸಿದ್ದು ಬೇರೊಂದು. ದಿಣ್ಣೆಯ ಮೇಲೆ ನೀರಿಲ್ಲ. ಮಳೆನೀರಿನ ತೊಟ್ಟಿಗಳೇ ಗತಿ. ಆದರೆ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಎರಡು ಬಾವಿಗಳಿವೆ. ಅಲ್ಲಿಯ ಅರಬ್ಬಿ ಜನರು ಒಂದನ್ನು ಮೇಲಣ ಬಾವಿಯೆಂದೂ ಇನ್ನೊಂದನ್ನು ಕೆಳಗಣ ಬಾವಿಯೆಂದೂ ಕರೆಯುತ್ತ ಬಂದಿದ್ದರು.